ಗಾಜಿಗೆ ಗೆರೆ ಎಳೆಯುವ ಚಕ್ರ

ಮೈಸೂರು ಅರಮನೆಯ ಕಲ್ಯಾಣ ಮಂಟಪದಲ್ಲಿ ತಲೆಯೆತ್ತಿ ಬಣ್ಣದ ಗಾಜಿನ ನವಿಲುಗಳನ್ನು ನೋಡಿದವರಿಗೆ ಆ ಕಲೆಯ ಮೊದಲ ಹೆಜ್ಜೆ ಬೆರಳಿನಷ್ಟು ದಪ್ಪದ ಕಟರ್ ಎಂದರೆ ನಂಬಿಕೆ ಬರಲಿಕ್ಕಿಲ್ಲ. ಬಳ್ಳಾರಿ, ಸಿರುಗುಪ್ಪಗಳಲ್ಲಿ ದೇವರ ಪಟಕ್ಕೆ ಕಟ್ಟು ಹಾಕುವವರ ಕೈಯಲ್ಲೂ ಇರುವುದು ಅದೇ ಬಗೆಯ ಸಾಧನ. ಕಲಿಯಲು ಹೊರಟವರು ಮೊದಲು ದುಡ್ಡು ಹಾಕಬೇಕಾದದ್ದು ಇದಕ್ಕೇ: ಕಾರ್ಬೈಡ್ ಚಕ್ರದ, ಹಿಡಿಯೊಳಗೆ ಎಣ್ಣೆ ತುಂಬುವ ಒಳ್ಳೆಯ ಕಟರ್.

ಎಷ್ಟು ಚೆಂದದ ಉಪಕರಣ ಇದು! ಹೆಸರಿಗೆ ಕಟರ್, ಆದರೆ ಗಾಜನ್ನು ಕತ್ತರಿಸುವುದೇ ಇಲ್ಲ; ಮೇಲ್ಮೈಯಲ್ಲಿ ಕೂದಲೆಳೆಯ ಸೀಳೊಂದನ್ನು ಎಬ್ಬಿಸುತ್ತದೆ. ಆಮೇಲೆ ಎರಡೂ ಬದಿ ಹಿಡಿದು ಬಾಗಿಸಿದರೆ ಗಾಜು ತಾನಾಗಿ ಆ ದಾರಿ ಹಿಡಿಯುತ್ತದೆ, ಕುರುಗೋಡಿನ ಕಡೆಯ ಬಂಡೆ ಕಲ್ಲು ಒಡೆಯುವವರು ತೋಡಿದ ಸಾಲು ಕುಳಿಗಳ ಗುಂಟ ಸೀಳುವಂತೆ. ಚಕ್ರ ಓಡುವಾಗ ಸದ್ದು ಒಂದೇ ಸಮನೆ ಬರಬೇಕು. ಅದೇ ಗೆರೆಯ ಮೇಲೆ ಇನ್ನೊಮ್ಮೆ ಎಳೆದರೆ ಚಕ್ರದ ಅಂಚೂ ಕೆಡುತ್ತದೆ, ಗಾಜೂ ಕೆಡುತ್ತದೆ.

ಇಕ್ಕಳ ಎರಡು ಬೇಕು: ಗೆರೆ ಬಿಡಿಸಲು ಒಂದು, ಅಂಚಿನ ಚೂರು ಕಚ್ಚಿ ತೆಗೆಯಲು ಇನ್ನೊಂದು. ತುಂಡುಗಳನ್ನು ಜೋಡಿಸಲು ಬೇಕಾದವು: ಅಂಚಿಗೆ ಸುತ್ತುವ ತಾಮ್ರದ ಪಟ್ಟಿ, ಬೆಸುಗೆ ಹಿಡಿಯಲೆಂದು ಹಚ್ಚುವ ಫ್ಲಕ್ಸ್, 60 ಪಾಲು ತವರ 40 ಪಾಲು ಸೀಸದ ಬೆಸುಗೆ ತಂತಿ. ರೇಡಿಯೊ ರಿಪೇರಿಯ 25 ವ್ಯಾಟಿನ ಸೋಲ್ಡರಿಂಗ್ ಐರನ್ ಇಲ್ಲಿ ಸಾಲದು. 80ರಿಂದ 100 ವ್ಯಾಟ್ ಇರಲಿ. ಗಾಜಿನ ಅಂಚು ಉಜ್ಜುವ ಗ್ರೈಂಡರ್ ದುಬಾರಿ, ಅದು ತಡವಾದರೂ ನಡೆದೀತು. ಒದ್ದೆ ಸಾಣೆಕಲ್ಲು ಸದ್ಯಕ್ಕೆ ಸಾಕು. ಕಣ್ಣಿಗೆ ರಕ್ಷಣೆಯ ಕನ್ನಡಕ ಮಾತ್ರ ಮೊದಲ ದಿನವೇ ಬೇಕು. ಸೀಸ ಮುಟ್ಟಿದ ಕೈ ತೊಳೆಯದೆ ಊಟಕ್ಕೆ ಕೂರಬಾರದು.

ಬಣ್ಣದ ಗಾಜನ್ನು ಆತುರಪಟ್ಟು ಕೊಳ್ಳಬೇಡಿ. ಪಟದ ಅಂಗಡಿಯಲ್ಲಿ ಉಳಿಯುವ 3 ಮಿಲಿಮೀಟರಿನ ಬಿಳಿ ಗಾಜಿನ ತುಂಡುಗಳನ್ನು ಕೇಳಿ ತಂದು, ಮೊದಲು ನೇರ ಗೆರೆ, ಆಮೇಲೆ ಬಾಗು ಗೆರೆ ಎಳೆಯಿರಿ.