ಎಲ್ಲಿ ನಿಲ್ಲುವುದಿಲ್ಲ ಎಂದು ಹೇಳಬೇಕಾದ ಬರಹ

ಮುಂಬೈಯ ಸೆಂಟ್ರಲ್ ಲೈನಿನ ಫಾಸ್ಟ್ ಲೋಕಲ್ ಸಾಮಾನ್ಯವಾಗಿ ಮಾಟುಂಗಾದಲ್ಲಿ ನಿಲ್ಲುವುದಿಲ್ಲ. ಅಲ್ಲಿನ ಮೈಸೂರು ಅಸೋಸಿಯೇಶನ್ನಿನ ಕಾರ್ಯಕ್ರಮಕ್ಕೆ ಹೊರಟವರು ಗಾಡಿ ಕಲ್ಯಾಣಕ್ಕೆ ಹೋಗುತ್ತದೆ ಎಂದಷ್ಟೇ ತಿಳಿದು ಹತ್ತಿದರೆ ಕೆಟ್ಟರು. ಮುಂಬೈಯ ಪ್ಲಾಟ್‌ಫಾರ್ಮ್ ಘೋಷಣೆಗಳ ಗುಣ ಇರುವುದು ಇಲ್ಲೇ: ಗಾಡಿ ಎಲ್ಲಿಗೆ ಎನ್ನುವುದರ ಜೊತೆಗೆ ಎಲ್ಲೆಲ್ಲಿ ನಿಲ್ಲುವುದಿಲ್ಲ ಎಂಬುದನ್ನೂ ಮರಾಠಿ, ಹಿಂದಿ, ಇಂಗ್ಲಿಷಿನಲ್ಲಿ ಹೇಳುತ್ತವೆ. ಸ್ಲೈಡ್ ತಯಾರಿಸುವ ಎಐ ಏಜೆಂಟುಗಳಿಗಾಗಿ ಈಗ ಎಲ್ಲೆಡೆ ಬರೆಯಲಾಗುತ್ತಿರುವ ಟೂಲ್ ವಿವರಣೆಗಳಲ್ಲಿ ನನಗೆ ಕಾಣುವ ದೊಡ್ಡ ಕೊರತೆ ಇಂಥ ‘ಇಲ್ಲ’ಗಳದ್ದು.

ಇಂಥ ಏಜೆಂಟ್ ಸಾಮಾನ್ಯವಾಗಿ ಪರದೆ ನೋಡುತ್ತ ಮೌಸ್ ಆಡಿಸುವುದಿಲ್ಲ. ಅದರ ಮುಂದಿರುವುದು ಅದು ಕರೆದು ಕೆಲಸ ಮಾಡಿಸಬಹುದಾದ ಟೂಲುಗಳ ಪಟ್ಟಿ. ಎಐ ಕಂಪನಿ ಆಂಥ್ರೋಪಿಕ್ 2024ರ ನವೆಂಬರಿನಲ್ಲಿ ಪ್ರಕಟಿಸಿದ, ಎಐ ಮಾಡೆಲ್‌ಗಳಿಗೆ ಟೂಲುಗಳನ್ನು ಜೋಡಿಸುವ ಮಾಡೆಲ್ ಕಾಂಟೆಕ್ಸ್ಟ್ ಪ್ರೊಟೊಕಾಲ್ ಪ್ರಕಾರ ಪ್ರತಿ ಟೂಲಿಗೂ ಒಂದು ಹೆಸರು, ಒಂದು ವಿವರಣೆ, ಏನೇನು ಮಾಹಿತಿ ಕೊಡಬೇಕೆಂಬ ಸ್ಕೀಮಾ ಇರುತ್ತದೆ. ‘ಕೊಟ್ಟ ಸಂಖ್ಯೆಯ ಸ್ಲೈಡನ್ನು ಅಳಿಸುತ್ತದೆ’ ಎಂಬ ವಿವರಣೆಯನ್ನೇ ತೆಗೆದುಕೊಳ್ಳಿ. ವ್ಯಾಕರಣ ಸರಿ, ಮಾತೂ ಸುಳ್ಳಲ್ಲ. ಆದರೆ ಎಣಿಕೆ ಎಲ್ಲಿಂದ? ಪವರ್‌ಪಾಯಿಂಟಿನ ಸ್ವಂತ ಮ್ಯಾಕ್ರೋ ಭಾಷೆಯಾದ ವಿಬಿಎಯಲ್ಲಿ ಮೊದಲ ಸ್ಲೈಡ್ 1. ಪೈಥಾನ್-ಪಿಪಿಟಿಎಕ್ಸ್ ಲೈಬ್ರರಿಯಲ್ಲಿ ಅದೇ ಸ್ಲೈಡ್ 0. ಅದು ಗೊತ್ತಾದರೂ ಮುಗಿಯಲಿಲ್ಲ. 3 ಮತ್ತು 5ನೆಯ ಸ್ಲೈಡ್ ತೆಗೆ ಎಂದರೆ ಏಜೆಂಟ್ ಮೊದಲು 3ನ್ನು ತೆಗೆಯುತ್ತದೆ. ಆ ಕ್ಷಣವೇ ಅದರ ನಂತರದವೆಲ್ಲ ಒಂದೊಂದು ಸ್ಥಾನ ಮುಂದೆ ಸರಿಯುತ್ತವೆ. ಮುಂದೆ 5 ಎಂದಾಗ ಹೋಗುವುದು ಮೂಲದ 6ನೆಯದು. ಎರಡು ಸಲವೂ ‘ಯಶಸ್ವಿ’ ಎಂಬ ಉತ್ತರವೇ ಬರುತ್ತದೆ. ಎಣಿಕೆ 1ರಿಂದ, ಹಲವು ಸ್ಲೈಡ್ ತೆಗೆಯುವುದಿದ್ದರೆ ಕೊನೆಯಿಂದ ಆರಂಭಿಸು, ಬರೀ ಮರೆಮಾಡುವುದಕ್ಕೆ ಇದನ್ನು ಬಳಸಬೇಡ ಎಂಬ ಮೂರು ತುಂಡು ಮಾತು ಸೇರಿಸಿದ್ದರೆ ಈ ಅನಾಹುತ ಬಹುಮಟ್ಟಿಗೆ ತಪ್ಪುತ್ತಿತ್ತು.

ಕನ್ನಡದಲ್ಲಿ ಸ್ಲೈಡ್ ಮಾಡುವವರಿಗೆ ತಟ್ಟುವ ಲೋಪ ಇದಕ್ಕಿಂತ ಸೂಕ್ಷ್ಮ. ಪವರ್‌ಪಾಯಿಂಟ್ ಫೈಲಿನೊಳಗೆ ಒಂದೇ ಸಾಲಿಗೆ ಹಲವು ಫಾಂಟ್ ಖಾನೆಗಳಿವೆ: ಲ್ಯಾಟಿನ್‌ಗೆ ಒಂದು, ಚೀನೀ-ಜಪಾನೀ ಲಿಪಿಗಳಿಗೆ ಒಂದು, ಕನ್ನಡ, ದೇವನಾಗರಿ, ಅರಬ್ಬಿಯಂಥ ಸಂಕೀರ್ಣ ಲಿಪಿಗಳಿಗೆ ಮತ್ತೊಂದು. ಪೈಥಾನ್-ಪಿಪಿಟಿಎಕ್ಸ್‌ನಲ್ಲಿ ಫಾಂಟಿನ ಹೆಸರು ಕೊಟ್ಟರೆ ತುಂಬುವುದು ಲ್ಯಾಟಿನ್ ಖಾನೆ ಮಾತ್ರ. ಕನ್ನಡದ ಸಾಲು ಹಳೆಯ ಫಾಂಟಿನಲ್ಲೇ, ಎಷ್ಟೋ ಆಫೀಸ್ ಥೀಮ್‌ಗಳು ಕನ್ನಡಕ್ಕೆಂದು ಹೆಸರಿಸಿಟ್ಟಿರುವ ತುಂಗಾದಲ್ಲೇ, ಉಳಿದುಬಿಡಬಹುದು. ಇದರ ಮೇಲೆ ಕಟ್ಟಿದ ಟೂಲಿನ ವಿವರಣೆ ‘ಪಠ್ಯದ ಫಾಂಟ್ ಬದಲಿಸುತ್ತದೆ’ ಎಂದಿದ್ದರೆ, ಏಜೆಂಟ್ ‘ಬದಲಿಸಿದ್ದೇನೆ’ ಎಂದು ವರದಿ ಒಪ್ಪಿಸುತ್ತದೆ. ಅದು ಹೇಳಿದ್ದು ಸುಳ್ಳಲ್ಲ, ಅದಕ್ಕೆ ಕೊಟ್ಟ ವಿವರಣೆಯೇ ಅರ್ಧ ಸತ್ಯ. ಇಂಗ್ಲಿಷ್ ಸ್ಲೈಡುಗಳಲ್ಲಷ್ಟೇ ಪರೀಕ್ಷಿಸಿ ಬರೆದವರಿಗೆ ಉಳಿದರ್ಧ ಇದೆಯೆಂಬುದೇ ಹೊಳೆದಿರುವುದಿಲ್ಲ.

ಮಾಡೆಲ್‌ಗಳು ದಿನೇದಿನೇ ಚುರುಕಾಗುತ್ತಿರುವಾಗ ಇಷ್ಟೆಲ್ಲ ಬಿಡಿಸಿ ಹೇಳಬೇಕೇ ಎಂದು ಕೇಳುವವರಿದ್ದಾರೆ. ಚುರುಕುತನದಿಂದ ಊಹೆ ಉತ್ತಮವಾಗಬಹುದು. ಆದರೆ ಎಣಿಕೆ 0ಯಿಂದಲೋ 1ರಿಂದಲೋ ಎಂಬುದು ಊಹೆಯ ವಿಷಯವಲ್ಲ, ಟೂಲ್ ಬರೆದವರು ಮಾಡಿದ ಆಯ್ಕೆ. ಇನ್ನೊಂದು ವಾದಕ್ಕೆ ತೂಕವಿದೆ: ಟೂಲುಗಳ ವಿವರಣೆ ಸಾಮಾನ್ಯವಾಗಿ ಪ್ರತಿ ಕೋರಿಕೆಯ ಜೊತೆಗೂ ಮಾಡೆಲ್‌ಗೆ ಹೋಗುತ್ತದೆ, ಉದ್ದವಾದಷ್ಟೂ ಖರ್ಚು, ಗೊಂದಲವೂ ಹೆಚ್ಚು. ಒಪ್ಪಬೇಕಾದ ಮಾತೇ. ಹಾಗಿದ್ದರೆ ಕತ್ತರಿ ಬೀಳಬೇಕಾದ್ದು ‘ಶಕ್ತಿಶಾಲಿ’, ‘ಸುಲಭ’, ‘ವೃತ್ತಿಪರ’ ಎಂಬ ಜಾಹೀರಾತಿನ ವಿಶೇಷಣಗಳಿಗೆ. ಬೀಳುತ್ತಿರುವುದು ಮಿತಿ ಹೇಳುವ ವಾಕ್ಯಗಳಿಗೆ. ಪ್ರೊಟೊಕಾಲ್‌ನಲ್ಲಿ ಟೂಲ್ ವಿನಾಶಕಾರಿಯೋ ಅಲ್ಲವೋ ಎಂದು ಗುರುತು ಹಾಕುವ ಸೌಲಭ್ಯ 2025ರಲ್ಲಿ ಬಂತು, ನಿಜ. ಆದರೆ ಆ ಗುರುತು ಬರೀ ಸುಳಿವು ಎಂದು ಪ್ರೊಟೊಕಾಲೇ ಹೇಳುತ್ತದೆ. 5ರ ಬದಲು 6 ಹೋಗುವುದನ್ನಂತೂ ಅದು ಹೇಳಲಾರದು.

ನನಗೆ ನಿಜಕ್ಕೂ ಗಟ್ಟಿಯೆನಿಸುವ ಆಕ್ಷೇಪ ಬೇರೆಯದೇ: ಎಚ್ಚರಿಕೆ ಬರೆಯುವ ಬದಲು ಟೂಲನ್ನೇ ಸರಿಮಾಡಬಾರದೇ? ಮಾಡಬೇಕು. ಪವರ್‌ಪಾಯಿಂಟಿನಲ್ಲಿ ಪ್ರತಿ ಸ್ಲೈಡಿಗೂ ಸ್ಥಾನ ಬದಲಾದರೂ ಬದಲಾಗದ ಐಡಿ ಇದೆ. ಅಳಿಸುವ ಟೂಲ್ ಅದನ್ನೇ ಕೇಳಿದರೆ ಎಣಿಕೆಯ ತಕರಾರೇ ಏಳುವುದಿಲ್ಲ. ಫಾಂಟ್ ಟೂಲಿನ ವಿವರಣೆಯಲ್ಲಿ ‘ಕನ್ನಡ ಅಕ್ಷರಗಳಿಗೆ ಅನ್ವಯಿಸುವುದಿಲ್ಲ’ ಎಂದು ಪ್ರಾಮಾಣಿಕವಾಗಿ ಬರೆಯಲು ಕೂತವರು ಆ ವಾಕ್ಯ ಮುಗಿಸುವ ಮೊದಲೇ ಉಳಿದ ಖಾನೆಗಳನ್ನು ತುಂಬುವ ಕೋಡ್ ಸೇರಿಸಿಯಾರು. ಆದರೂ ಕೆಲವು ‘ಇಲ್ಲ’ಗಳು ಉಳಿಯುತ್ತವೆ. ಪೈಥಾನ್-ಪಿಪಿಟಿಎಕ್ಸ್ ಫೈಲನ್ನು ಬರೆಯುತ್ತದೆಯೇ ಹೊರತು ಸ್ಲೈಡ್ ಹೇಗೆ ಕಾಣುತ್ತದೆಂದು ನೋಡುವುದಿಲ್ಲ. ಒತ್ತಕ್ಷರಗಳು ಕೆಳಗಿನ ಸಾಲಿಗೆ ತಾಗಿದವೋ, ಶೀರ್ಷಿಕೆ ಚೌಕಟ್ಟು ದಾಟಿತೋ ಅದಕ್ಕೆ ಗೊತ್ತಾಗುವುದಿಲ್ಲ. ಅಂಥ ಕಡೆ ‘ಪಠ್ಯ ಚೌಕಟ್ಟಿನಲ್ಲಿ ಹಿಡಿಸಿತೇ ಎಂದು ಈ ಟೂಲ್ ಪರಿಶೀಲಿಸುವುದಿಲ್ಲ; ಸ್ಲೈಡನ್ನು ಚಿತ್ರವಾಗಿಸಿ ನೋಡು’ ಎಂದು ವಿವರಣೆಯಲ್ಲೇ ಬರೆಯಬೇಕಾಗುತ್ತದೆ.