ತಟ್ಟಿರಾಯನ ಬೆನ್ನು ನೋಡಿ

ಮೆರವಣಿಗೆಯಲ್ಲಿ ಗಾರುಡಿ ಗೊಂಬೆ ಬಂತೆಂದರೆ ಎಲ್ಲರೂ ಕತ್ತೆತ್ತಿ ಮುಖ ನೋಡುತ್ತಾರೆ. ಅಂಗೈಯಗಲದ ಕಣ್ಣು, ಹುರಿಮೀಸೆ, ಪಕ್ಕದಲ್ಲಿ ಮೂಗುತಿ ಇಟ್ಟ ಹೆಂಡತಿ ಗೊಂಬೆ. ಮಕ್ಕಳು ಅಮ್ಮನ ಸೆರಗಿನ ಹಿಂದೆ ಸೇರಿಕೊಳ್ಳುತ್ತವೆ, ಮೊಬೈಲುಗಳು ಮೇಲೇಳುತ್ತವೆ, ಅಷ್ಟರಲ್ಲಿ ಗೊಂಬೆ ದಾಟಿ ಹೋಗಿರುತ್ತದೆ. ನಾನೂ ಎಷ್ಟೋ ವರ್ಷ ಹೀಗೇ ನೋಡಿದವನು. ಒಂದು ದಸರೆಗೆ ಶ್ರೀರಂಗಪಟ್ಟಣದ ಪಕ್ಕದ ಕಿರಂಗೂರಿನ ಬನ್ನಿಮಂಟಪಕ್ಕೆ ತಡವಾಗಿ ಹೋದೆ. ಮುಂದೆ ಜಾಗ ಸಿಗದೆ ಮೆರವಣಿಗೆಯ ಹಿಂದಿನಿಂದ ನಡೆಯಬೇಕಾಯಿತು. ಆಗ ಕಂಡದ್ದು ಗೊಂಬೆಯ ಬೆನ್ನು. ಸೀರೆ ಒಂದು ಕಡೆ ಜಾರಿ ಒಳಗಿನ ಬಿದಿರ ಹೆಣಿಗೆ ತೆರೆದುಕೊಂಡಿತ್ತು. ಆ ಹೆಣಿಗೆಯ ಕಿಂಡಿಗಳಲ್ಲಿ ಬೆವರಿಗೆ ಅಂಟಿದ ಒಂದು ಬನಿಯನ್ನು, ಎರಡು ಭುಜದ ಮೂಳೆ. ಅವತ್ತಿನಿಂದ ನಾನು ಈ ಗೊಂಬೆಗಳನ್ನು ಹಿಂದಿನಿಂದಲೇ ನೋಡಲು ಶುರುಮಾಡುವುದು.

ನಮ್ಮ ಕಡೆ ಇದನ್ನು ತಟ್ಟಿರಾಯ ಅಂತಲೂ ಕರೆಯುತ್ತಾರೆ. ತಟ್ಟಿ ಅಂದರೆ ಬಿದಿರ ದಬ್ಬೆಯಲ್ಲಿ ಹೆಣೆದದ್ದು. ಹಿತ್ತಿಲಿಗೆ ಮರೆ ಕಟ್ಟುವ, ಕುರಿಮರಿಗೆ ಅಡ್ಡ ಇಡುವ ಸಾಮಾನು. ಅದಕ್ಕೆ ರಾಯನ ಪಟ್ಟ ಕಟ್ಟಿದ ಜನರ ಹಾಸ್ಯವನ್ನು ಮೊದಲು ಮೆಚ್ಚಿಕೊಳ್ಳಿ. ಹತ್ತು ಹನ್ನೆರಡು ಅಡಿಯ ಈ ರಾಯನ ಮೈಯೆಲ್ಲ ಮನೆಯಿಂದ ಹೊರಬಿದ್ದ ವಸ್ತು: ಮುರಿದ ಬುಟ್ಟಿಯ ದಬ್ಬೆ, ಹಳೇ ಸೀರೆ, ಓದಿ ಎಸೆದ ಪತ್ರಿಕೆ, ಹುಳಿ ಹಿಂಡಿ ಬಿಸಾಡಿದ ಹುಣಸೆಬೀಜ. ತೊಟ್ಟುಕೊಂಡು ಕುಣಿಯುವ ಶಿಲ್ಪ ಎಂದು ಇಂದಿನ ಕಲಾಶಾಲೆಯವರು ಕರೆಯುವುದನ್ನು ನಮ್ಮ ಊರುಗಳಲ್ಲಿ ಅಂಗಳದಲ್ಲೇ ಕೂತು ಮಾಡುತ್ತ ಬಂದಿದ್ದಾರೆ.

ಹೊಸಬರಿಗೆ ನನ್ನ ಸಲಹೆ: ಮೆರವಣಿಗೆಗೆ ಮುಂಚೆ, ಗೊಂಬೆಗೆ ಇನ್ನೂ ಬಟ್ಟೆ ಉಡಿಸಿರದ ಹೊತ್ತಿನಲ್ಲಿ ಒಂದು ಅಂಗಳಕ್ಕೆ ಹೋಗಿ. ಬಾಗಿಲು ತಟ್ಟುವ ಪ್ರಮೇಯ ಇರುವುದಿಲ್ಲ, ಕೆಲಸವೆಲ್ಲ ಜಗಲಿಯ ಮುಂದೆಯೇ. ಬರಿಗೈಯಲ್ಲಿ ಹೋಗುವ ಬದಲು ಒಂದು ಕಟ್ಟು ಹಳೇ ಪೇಪರು ಒಯ್ದರೆ ಮಾತು ಬೇಗ ಶುರುವಾಗುತ್ತದೆ. ಪಾಂಡವಪುರದ ಕಡೆ ನಾನು ಹೋಗಿದ್ದ ಅಂಗಳದಲ್ಲಿ ಗೊಂಬೆಯ ಅಸ್ಥಿ ಮಂಕರಿ ಬೋರಲು ಹಾಕಿದ ಹಾಗೆ ನಿಂತಿತ್ತು. ಕೆಳಗೆ ಅಗಲ, ಸೊಂಟದಲ್ಲಿ ಕಿರಿದು, ಭುಜದಲ್ಲಿ ಮತ್ತೆ ಅಗಲ. ನಿಲುವಿಗೆ ಉದ್ದ ದಬ್ಬೆ, ಸುತ್ತಲೂ ಬಳೆ ತೊಡಿಸಿದ ಹಾಗೆ ಬಾಗಿಸಿದ ಎಳೆಗಳು. ಅಡ್ಡ ಎಳೆಗಳಲ್ಲಿ ಕೆಲವು ಬೇರೆ ಬಣ್ಣಕ್ಕಿದ್ದವು, ಹೊಗೆ ಹಿಡಿದ ಕಂದು. ಕೇಳಿದರೆ ಅವು ಹಳೇ ಚಂದ್ರಿಕೆಯಿಂದ ಬಿಚ್ಚಿದವು. ರೇಷ್ಮೆಹುಳು ಗೂಡು ಕಟ್ಟಲು ಬಿಡುತ್ತಿದ್ದ ಬಿದಿರ ತಟ್ಟೆ ಚಂದ್ರಿಕೆ. ಪ್ಲಾಸ್ಟಿಕ್ಕಿನ ನೇತ್ರಿಕೆ ಬಂದ ಮೇಲೆ ಎಷ್ಟೋ ಮನೆಗಳಲ್ಲಿ ಅದು ದನದ ಕೊಟ್ಟಿಗೆಯ ಅಟ್ಟ ಸೇರಿದೆ. ಒಣಗಿದ ಬಿದಿರು ಬಾಗಿಸಿದರೆ ಲಟಕ್ಕನೆ ಮುರಿಯುತ್ತದೆ, ಆದ್ದರಿಂದ ಅದನ್ನು ನೆನೆಹಾಕಿ ಮೆತ್ತಗಾದ ಮೇಲೆ ಸುತ್ತಿನ ಎಳೆಗಳಿಗೆ ಬಳಸಿದ್ದರು. ಭಾರ ಹೊರುವ ನಿಲುವಿಗೆ ಮಾತ್ರ ಹಸಿ ಬಿದಿರು. ಎರಡು ದಬ್ಬೆ ಸೇರುವ ಕಡೆ ಸೈಕಲ್ ಟ್ಯೂಬು ಪಟ್ಟಿ ಪಟ್ಟಿಯಾಗಿ ಕತ್ತರಿಸಿ ಬಿಗಿದಿತ್ತು. ಹಗ್ಗವಾದರೆ ಕುಣಿತಕ್ಕೆ ಸಡಿಲವಾಗುತ್ತದೆ, ತಂತಿಯಾದರೆ ಬಿದಿರನ್ನು ಕಚ್ಚುತ್ತದೆ, ರಬ್ಬರು ಎಳೆದಷ್ಟು ಬಂದು ಮತ್ತೆ ಹಿಡಿಯುತ್ತದೆ. ಅಲ್ಲಿ ಬೆರಳಿಟ್ಟು ನೋಡಿ. ಗಂಟು ಒಳಮುಖವಾಗಿದ್ದರೆ ಮಾಡಿದವನಿಗೆ ಕೆಲಸ ಗೊತ್ತಿಲ್ಲ ಅಂತ ಲೆಕ್ಕ, ಒಳಗೆ ನಿಲ್ಲುವವನ ಬೆನ್ನು ಸಿಪ್ಪೆ ಏಳುತ್ತದೆ.

ತಲೆಯ ಕೆಲಸ ನಿಧಾನದ್ದು. ಹುಣಸೆಬೀಜ ಹುರಿದು, ಸಿಪ್ಪೆ ತೆಗೆದು, ನೆನೆಸಿ, ರುಬ್ಬಿ, ಅಂಬಲಿಯ ಹಾಗೆ ಕಾಯಿಸಿದರೆ ಅಂಟು. ಕಾಗದ ನೆನೆಸಿ, ಈ ಅಂಟಿಗೆ ಮೆಂತ್ಯದ ಹಿಟ್ಟು ಸೇರಿಸಿ ಪದರ ಪದರವಾಗಿ ಅಂಟಿಸುತ್ತಾರೆ. ಕೊಪ್ಪಳ ಜಿಲ್ಲೆಯ ಕಿನ್ನಾಳದ ಚಿತ್ರಗಾರರೂ ಇದೇ ಹುಣಸೆ ಅಂಟನ್ನು ನಂಬಿದವರು. ಅವರ ಕೆಲಸ ಮರದ ಮೇಲೆ, ನಯಕ್ಕಾಗಿ. ಇಲ್ಲಿ ಬೇಕಾದ್ದು ಹಗುರ. ಮಿರುಗುವ ವಾರಪತ್ರಿಕೆಯ ಕಾಗದ ನೀರು ಕುಡಿಯುವುದಿಲ್ಲ, ದಿನಪತ್ರಿಕೆಯೇ ಆಗಬೇಕು. (ವಾರಪತ್ರಿಕೆಗೆ ಬರೆಯುವ ನನಗೆ ಇದು ಸ್ವಲ್ಪ ನೋವಿನ ಮಾತೇ.) ಈಗೀಗ ಫೈಬರ್ ತಲೆಗಳು ಬಂದಿವೆ. ಮಳೆಗೆ ಹೆದರುವುದಿಲ್ಲ, ಬಣ್ಣ ಮಾಸುವುದಿಲ್ಲ, ಬಾಡಿಗೆಗೆ ಒಳ್ಳೆಯದು. ನನಗೆ ಮಾತ್ರ ಹಿಡಿಸವು. ಬಿಸಿಲಿಗೆ ಫಳಫಳ ಹೊಳೆದು ಕಣ್ಣು ಮೂಗು ಎಲ್ಲ ಒಂದೇ ಆಗಿಬಿಡುತ್ತವೆ. ಕಾಗದದ ಕೆನ್ನೆ ಬಿಸಿಲನ್ನು ಒಳಗೆ ಎಳೆದುಕೊಳ್ಳುತ್ತದೆ, ಮೀಸೆಯ ಕೆಳಗೆ ನೆರಳು ಬೀಳುತ್ತದೆ.

ಹಳೇ ಸಾಮಾನನ್ನೇ ಯಾಕೆ ಬಳಸುತ್ತೀರಿ, ಪರಿಸರಕ್ಕೆ ಒಳ್ಳೆಯದು ಅಂತಲೇ ಎಂದು ನಗರದಿಂದ ಬಂದ ಹುಡುಗಿಯೊಬ್ಬಳು ಆ ಅಂಗಳದ ಅಜ್ಜನನ್ನು ಕೇಳಿದಳು. ಆತ ಬೀಡಿ ಪಕ್ಕಕ್ಕಿಟ್ಟು, ‘ಅಂಗೇನಿಲ್ಲ ಕನವ್ವ. ಹೊಸಾ ಸೀರೆ ನಿಂತ್ಕತದೆ, ಹಳೇ ಸೀರೆ ನಡೀತದೆ’ ಅಂದ. ಆಮೇಲೆ ಎರಡನ್ನೂ ಗೊಂಬೆಯ ಸೊಂಟಕ್ಕೆ ಇಳಿಬಿಟ್ಟು ತೋರಿಸಿದ. ಹೊಸದು ಗಂಜಿಯ ಬಿರುಸಿಗೆ ಕೊಡೆಯ ಹಾಗೆ ಸೆಟೆದುಕೊಂಡಿತು. ನೂರು ಒಗೆತ ಕಂಡದ್ದು ಬಿದಿರಿಗೆ ಒತ್ತಿಕೊಂಡು ಕೆಳಗಿಳಿದು, ಗಾಳಿಯಾಡಿದಾಗ ಅಂಚಿನಲ್ಲಿ ಮಾತ್ರ ಮಿಸುಕಿತು. ಕಸದಿಂದ ರಸ ಎನ್ನುವ ಮಾತನ್ನು ಇಲ್ಲಿ ಅಂಟಿಸಲು ಹೋಗಬೇಡಿ. ಆತ ಆ ಸೀರೆಯನ್ನು ಆರಿಸಿದ್ದು ಅದರ ಬೀಳಿಗಾಗಿ.

ಗೊಂಬೆ ನಡೆಯುವಾಗ ಸೀರೆಯ ಆ ಅಂಚನ್ನು ನೋಡಿ, ಆಮೇಲೆ ಒಳಗಿನವನನ್ನು ನೆನೆಯಿರಿ. ಒಳಗಿನವನ ತಲೆ ಗೊಂಬೆಯ ಹೊಟ್ಟೆಯ ಮಟ್ಟಕ್ಕಿರುತ್ತದೆ, ಅಲ್ಲೊಂದು ಕಿಂಡಿ. ಅವನಿಗೆ ಕಾಣುವುದು ಎದುರಿನವರ ಎದೆ, ತಮಟೆಯವನ ಕೈ, ಅಷ್ಟೇ. ಭಾರವೆಲ್ಲ ಭುಜದ ಮೇಲಿನ ಅಡ್ಡಗೋಲುಗಳ ಮೇಲೆ, ನಡುವೆ ಹಳೇ ಬಟ್ಟೆಯ ಸಿಂಬಿ. ಕಲಿಯುವವನು ಕಾಲೆತ್ತಿ ಕುಣಿಯುತ್ತಾನೆ, ಗೊಂಬೆ ಬೇಲಿಗೂಟದ ಹಾಗೆ ಕುಪ್ಪಳಿಸುತ್ತದೆ. ಪಳಗಿದವನು ಕಾಲೆತ್ತುವುದು ಕಡಿಮೆ, ಸೊಂಟ ತಿರುಗಿಸುವುದು ಹೆಚ್ಚು. ತಿರುಗಿದ ಸೊಂಟ ಮೇಲಿನ ತಲೆಗೆ ತಲುಪುವುದು ಒಂದು ಕ್ಷಣ ತಡವಾಗಿ. ಬಟ್ಟೆ ತುಂಬಿದ ಕೈಗಳು ಇನ್ನೂ ತಡವಾಗಿ ಬೀಸಿ ಪಕ್ಕದವರ ಟೋಪಿ ಹಾರಿಸುತ್ತವೆ. ಮೈ ಮೊದಲು, ತಲೆ ಆಮೇಲೆ, ಕೈ ಕೊನೆಗೆ, ಈ ಮೂರರ ನಡುವಿನ ತಡವೇ ಗೊಂಬೆಗೆ ಜೀವ. ಕಿವಿಯನ್ನೂ ಮರೆಯಬೇಡಿ. ತಮಟೆ ನಿಂತ ಗಳಿಗೆಯಲ್ಲಿ ಬಿದಿರು ಕಿರ್ ಅನ್ನುತ್ತದೆ, ತುಂಬಿದ ಮೊರದ ಹಾಗೆ.

ಇಂಥ ತೊಡುವ ಶಿಲ್ಪ ಹೊರದೇಶಗಳಲ್ಲೂ ಇದೆ. ಅಮೆರಿಕದ ಷಿಕಾಗೋದಲ್ಲಿ ನಿಕ್ ಕೇವ್ ಎಂಬ ಕಲಾವಿದ 1992ರಲ್ಲಿ ಪಾರ್ಕಿನಲ್ಲಿ ಬಿದ್ದಿದ್ದ ಕಡ್ಡಿಗಳನ್ನು ಆಯ್ದು ಮೈತುಂಬ ತೊಡುವ ಒಂದು ಶಿಲ್ಪ ಮಾಡಿದರು. ತೊಟ್ಟು ಅಲುಗಾಡಿದಾಗಲೇ ಅದು ಸದ್ದು ಮಾಡುತ್ತದೆಂದು ಗೊತ್ತಾದದ್ದು, ಹಾಗಾಗಿ ಸೌಂಡ್‌ಸೂಟ್ ಎಂದು ಹೆಸರಾಯಿತು. ಈಗ ಅವು ದೊಡ್ಡ ದೊಡ್ಡ ಮ್ಯೂಸಿಯಮ್ಮುಗಳಲ್ಲಿವೆ. ಫ್ರಾನ್ಸಿನ ದುವೆ ಎಂಬ ಊರಿನಲ್ಲಿ ಗಯಾಂ ಎಂಬ ದೈತ್ಯ ಗೊಂಬೆಯಿದೆ. ನಮ್ಮದರ ಹಾಗೇ ಹೆಣೆದದ್ದು, ಆದರೆ ಬಳ್ಳಿಕಡ್ಡಿಯಲ್ಲಿ, ಎಂಟೂವರೆ ಮೀಟರ್ ಎತ್ತರ, 370 ಕೆ.ಜಿ. ತೂಕ. ಅದರೊಳಗೆ ಆರು ಜನ. ನಮ್ಮ ತಟ್ಟಿರಾಯನೊಳಗೆ ಒಬ್ಬನೇ. ಅದಕ್ಕೇ ನಮ್ಮದು ಮೆರವಣಿಗೆ ಮುರಿದು ಜನರ ಮೇಲೆ ಬಾಗಬಲ್ಲದು, ಹೆಂಡತಿಯ ಜೊತೆ ಜಗಳವಾಡಬಲ್ಲದು.

ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ಕೆ.ಆರ್. ಪೇಟೆ, ನಾಗಮಂಗಲದ ಕಡೆ ಹಬ್ಬಕ್ಕೆ ಹೋದರೆ ಸೋಮನ ಕುಣಿತವೂ ಕಣ್ಣಿಗೆ ಬೀಳುತ್ತದೆ. ದೂರಕ್ಕೆ ಎರಡೂ ಒಂದೇ ಜಾತಿ ಅನ್ನಿಸಬಹುದು: ಬಿದಿರಿನ ಕಟ್ಟು, ಸೀರೆಯ ನೆರಿಗೆ, ದೊಡ್ಡ ಕಣ್ಣಿನ ಮುಖ. ಆದರೆ ಸೋಮ ಗ್ರಾಮದೇವತೆಯ ಬಂಟ. ಅವನ ಮುಖ ಕಾಗದದ್ದಲ್ಲ, ಮರದಲ್ಲಿ ಕೆತ್ತಿದ್ದು, ಪೂಜೆಗೊಂಡದ್ದು. ಸೋಮರಲ್ಲಿ ಕೆಂಪು ಮುಖದ ಕೆಂಚರಾಯನೆದುರು ಅಜ್ಜಿಯರು ಕೈಮುಗಿದು ನಿಲ್ಲುತ್ತಾರೆ. ಅವನ ಸೀರೆ ಭಕ್ತರದು, ಹಳೇ ಬಟ್ಟೆಯ ಗಂಟಿನದಲ್ಲ. ಪೂಜಾ ಕುಣಿತದ ಬಿದಿರ ಚೌಕಟ್ಟೂ ಅಷ್ಟೇ, ತಲೆಯ ಮೇಲೆ ಕೈಬಿಟ್ಟು ಹೊರುವುದು ದೇವಿಯನ್ನೇ. ತಟ್ಟಿರಾಯನ ಕೈ ಜಗ್ಗಿ ಸೆಲ್ಫಿ ತೆಗೆದರೆ ಅವನೂ ನಿಮ್ಮ ಮೇಲೆ ಬಾಗುತ್ತಾನೆ, ಎಲ್ಲರೂ ನಗುತ್ತಾರೆ. ಸೋಮನ ಹತ್ತಿರ ಆ ಆಟ ಬೇಡ. ಮೌರಿ ಊದಿದ ಕೂಡಲೇ ಒಂದು ಹೆಜ್ಜೆ ಹಿಂದೆ ಸರಿಯಿರಿ. ಹೆದರಿಕೆ ಮತ್ತು ನಗು ಒಂದೇ ಬಿದಿರಿನಿಂದ ಹೇಗೆ ಹುಟ್ಟುತ್ತವೆ ಎಂಬುದು ಎರಡನ್ನೂ ಒಂದೇ ವಾರದಲ್ಲಿ ನೋಡಿದವರಿಗೆ ಬೇಗ ಹತ್ತುತ್ತದೆ.

ಎಲ್ಲಿ ನೋಡಬೇಕು? ರಾಜ ಒಡೆಯರು 1610ರಲ್ಲಿ ದಸರಾ ಶುರುಮಾಡಿದ್ದು ಶ್ರೀರಂಗಪಟ್ಟಣದಲ್ಲಿ. ಈಗ ಮೈಸೂರಿನ ಜಂಬೂಸವಾರಿಯಲ್ಲಿ ಗೊಂಬೆ ದೂರದಿಂದ ಕಾಣುತ್ತದೆ, ಕಿರಂಗೂರಿನಲ್ಲಿ ಕೈಗೆ ಸಿಗುತ್ತದೆ. ನಿಂತು ನೋಡುವ ವ್ಯವಧಾನ ಬೇಕಾದವರಿಗೆ ಎರಡು ಜಾಗಗಳಿವೆ, ಎರಡರ ಹಿಂದೆಯೂ ನಾಗಮಂಗಲ ತಾಲ್ಲೂಕಿನವರೇ. ಹೆರಗನಹಳ್ಳಿಯ ಎಚ್.ಎಲ್. ನಾಗೇಗೌಡರು ರಾಮನಗರದ ಬಳಿ ಕಟ್ಟಿದ ಜಾನಪದ ಲೋಕ ಒಂದು. ಅಂಬಲಜೀರಹಳ್ಳಿಯ ಜೀ.ಶಂ. ಪರಮಶಿವಯ್ಯನವರು ದುಡಿದ ಮೈಸೂರು ವಿಶ್ವವಿದ್ಯಾನಿಲಯದ ಜಾನಪದ ವಸ್ತುಸಂಗ್ರಹಾಲಯ, ಜಯಲಕ್ಷ್ಮಿ ವಿಲಾಸದಲ್ಲಿ, ಇನ್ನೊಂದು. ತೆರೆದಿದೆಯೇ ಎಂದು ವಿಚಾರಿಸಿಕೊಂಡು ಹೋದರೆ ವೇಷ, ಮುಖವಾಡಗಳನ್ನು ಅಲ್ಲಿ ಹತ್ತಿರದಿಂದ ನೋಡಬಹುದು. ಸೀರೆಯ ಬೀಳು, ಕುಣಿತದ ತಡ, ಬೆವರು ಮಾತ್ರ ಬೀದಿಯಲ್ಲೇ.

ಮೆರವಣಿಗೆ ಮುಗಿದ ಮೇಲೆ ಮನೆಗೆ ಓಡಬೇಡಿ. ಗೊಂಬೆಯನ್ನು ಗೋಡೆಗೆ ಒರಗಿಸಿ ಒಳಗಿನವನು ತೆವಳಿಕೊಂಡು ಹೊರಬರುತ್ತಾನೆ, ಭುಜದ ಮೇಲೆ ಸಿಂಬಿಯ ಅಚ್ಚು ಕೆಂಪಗಿರುತ್ತದೆ. ಅವನಿಗೊಂದು ಟೀ ಕೊಡಿಸಿ, ತಲೆ ಕೆಳಗಿಳಿಸಿದಾಗ ಒಳಗೆ ನೋಡಲು ಕೇಳಿ. ಮುಖ ಬಣ್ಣ ಹೊಡೆದದ್ದು, ಒಳಗೆ ಬಣ್ಣವಿಲ್ಲ, ಪತ್ರಿಕೆಯ ಅಕ್ಷರ ಹಾಗೇ ಇರುತ್ತದೆ. ನಾನು ನೋಡಿದ ತಲೆಯಲ್ಲಿ ಕೆನ್ನೆಯ ಹಿಂದೆ ಅರ್ಧ ಹರಿದ ಕಬ್ಬಿನ ದರದ ಸುದ್ದಿ, ಹಣೆಯ ಹಿಂದೆ ಯಾರದೋ ವೈಕುಂಠ ಸಮಾರಾಧನೆಯ ಜಾಹೀರಾತು. ಒಂದು ಕಿವಿ ಮಾತ್ರ ಹೊಸ ಕಾಗದದ್ದು. ಹಳೆಯದನ್ನು ಹೋದ ಮಳೆಗಾಲದಲ್ಲಿ ಇಲಿ ತಿಂದಿತ್ತಂತೆ, ಮೆಂತ್ಯ ಕಡಿಮೆ ಹಾಕಿದ್ದಕ್ಕೆ.