ಔಷಧದ್ರವ್ಯಗಳ ವರ್ಣನಿರ್ದೇಶ: ಒಂದು ವಿಮರ್ಶೆ

ಬಣ್ಣವನ್ನು ಹೇಳುವಾಗ ಕವಿಗಿರುವ ಸ್ವಾತಂತ್ರ್ಯವು ಔಷಧಗ್ರಂಥಕರ್ತನಿಗೆ ಇಲ್ಲ. ಸಂಜೆಯ ಮುಗಿಲನ್ನು ಒಬ್ಬನು ಕುಂಕುಮಕ್ಕೂ ಮತ್ತೊಬ್ಬನು ದಾಸವಾಳಕ್ಕೂ ಹೋಲಿಸಿದರೆ ಯಾರಿಗೂ ಹಾನಿಯಿಲ್ಲ. ಅಡ್ರಿನಲಿನ್ ಎಂಬ ಔಷಧದ ದ್ರಾವಣವಾದರೋ ಆಮ್ಲಜನಕದ ಸಂಪರ್ಕದಿಂದ ಕೆಡುತ್ತ ಮೊದಲು ನಸುಗೆಂಪಾಗಿ ಆಮೇಲೆ ಕಂದಾಗುವುದು. ಪ್ರಾಣಾಪಾಯದಲ್ಲಿರುವವನಿಗೆ ಚುಚ್ಚತಕ್ಕ ಈ ಮದ್ದು ಕೆಡಲಾರಂಭಿಸಿದೆಯೆಂಬುದಕ್ಕೆ ಕಣ್ಣಿಗೆ ಬೀಳುವ ಗುರುತು ಆ ನಸುಗೆಂಪೇ. ಹೀಗಿರಲು ‘ನಸು’ ಎಂಬ ಮಾತಿನ ಎಲ್ಲೆ ಎಲ್ಲಿಯದೆಂಬ ಪ್ರಶ್ನೆಯು ಬರಿಯ ಶಬ್ದಜಿಜ್ಞಾಸೆಯಲ್ಲ.

ಈ ಪ್ರಶ್ನೆಯನ್ನು ೧೯೩೧ರಲ್ಲಿ ಅಮೆರಿಕದ ಇಂಟರ್ ಸೊಸೈಟಿ ಕಲರ್ ಕೌನ್ಸಿಲ್ ಎಂಬ ವರ್ಣಪರಿಷತ್ತಿನ ಮುಂದಿಟ್ಟವರು ಅದರ ಮೊದಲ ಅಧ್ಯಕ್ಷರಾದ ಇ. ಎನ್. ಗ್ಯಾದರ್‌ಕೋಲ್ ಎಂಬವರು. ಔಷಧಗಳನ್ನೂ ರಾಸಾಯನಿಕಗಳನ್ನೂ ವರ್ಣಿಸುವುದಕ್ಕೆ ಅವರು ಬಯಸಿದ ಹೆಸರುಗಳು ಶಾಸ್ತ್ರಕ್ಕೆ ಒಪ್ಪಬೇಕು, ಕಲೆಗೂ ಕೈಗಾರಿಕೆಗೂ ಉಪಯೋಗಕ್ಕೆ ಬರಬೇಕು, ಸಾಮಾನ್ಯ ಜನರಿಗೂ ಸ್ಥೂಲವಾಗಿ ಅರ್ಥವಾಗಬೇಕು. ಒಂದೇ ಪದದಿಂದ ಇಷ್ಟನ್ನು ಬಯಸುವುದು ದೊಡ್ಡ ಆಸೆಯೇ ಸರಿ. ನಿಘಂಟು ರಚಿಸಿದವರಿಗೆ ಅದರ ಕಷ್ಟ ಗೊತ್ತಿರುವುದು. ಜಡ್ ಮತ್ತು ಕೆಲ್ಲಿ ಎಂಬ ಇಬ್ಬರು ವಿದ್ವಾಂಸರು ೧೯೩೯ರಲ್ಲಿ ಒಂದು ಕ್ರಮವನ್ನು ಪ್ರಕಟಿಸಿ, ೧೯೫೫ರಲ್ಲಿ ಅದನ್ನು ಪರಿಷ್ಕರಿಸಿ ಸುಮಾರು ೭,೫೦೦ ವರ್ಣನಾಮಗಳ ಕೋಶವೊಂದನ್ನು ಅದಕ್ಕೆ ಜೋಡಿಸಿದರು. ಮನ್ಸೆಲ್ ಎಂಬವರು ಬಣ್ಣದ ಜಾತಿ, ಬೆಳಕು, ಸಾಂದ್ರತೆ ಎಂಬ ಮೂರು ಅಳತೆಗಳಿಂದ ರಚಿಸಿದ ವರ್ಣಲೋಕವನ್ನು ಇವರು ೨೬೭ ಕೋಣೆಗಳಾಗಿ ವಿಭಾಗಿಸಿ, ಒಂದೊಂದಕ್ಕೂ ‘ಮಧ್ಯಮ ಕೆಂಗಂದು’ ಎಂಬಂತಹ ಹೆಸರನ್ನು ಕೊಟ್ಟಿರುವರು.

ಈ ಕೃತಿಯ ಗುಣವನ್ನು ಮೊದಲು ಹೇಳುವುದು ನ್ಯಾಯ. ಇಲ್ಲಿ ಹೆಸರು ಉಪಮಾನದಿಂದ ಹುಟ್ಟಿದುದಲ್ಲ. ಗಿಳಿಯನ್ನಾಗಲಿ ನೇರಳೆಯ ಹಣ್ಣನ್ನಾಗಲಿ ಕಾಣದ ದೇಶದವನೂ ಇದನ್ನು ತಿಳಿಯಬಲ್ಲನು. ಒಂದೊಂದು ಹೆಸರಿಗೂ ಅಳೆದು ಗೊತ್ತುಮಾಡಿದ ಗಡಿಯಿದೆ. ಆದರೆ ದೋಷವೂ ಇಲ್ಲಿಯೇ ಇದೆ. ಸಮಸ್ತ ವರ್ಣಲೋಕಕ್ಕೆ ೨೬೭ ಕೋಣೆಗಳಾದರೆ ಒಂದೊಂದು ಕೋಣೆಯೂ ವಿಶಾಲವಾಗಲೇಬೇಕು. ಔಷಧಗಳೋ ಬಹುಮಟ್ಟಿಗೆ ಬಿಳಿಯ ಪುಡಿಗಳು, ಬಣ್ಣವಿಲ್ಲದ ದ್ರಾವಣಗಳು. ಅವು ಕೆಡುವಾಗ ತೋರುವ ಮೊದಲ ಹಳದಿಛಾಯೆಯೆಲ್ಲವೂ ಬಿಳುಪು, ಹಳದಿಮಿಶ್ರ ಬಿಳುಪು, ಎಳೆಹಳದಿ ಎಂಬ ಎರಡು ಮೂರು ಹೆಸರುಗಳಲ್ಲಿ ಅಡಗಿಹೋಗುವುದು. ಒಳ್ಳೆಯ ಮದ್ದೂ ಕೆಟ್ಟ ಮದ್ದೂ ಒಂದೇ ಕೋಣೆಯಲ್ಲಿ ಸುಖವಾಗಿ ವಾಸಮಾಡಬಹುದು. ಔಷಧಕ್ಕಾಗಿ ಹುಟ್ಟಿದ ನಾಮಕ್ರಮವು ಶಿಲೆಗಳನ್ನು ವರ್ಣಿಸುವವರಿಗೆ ಒದಗಿ, ಔಷಧಕ್ಕೇ ಸಾಲದಾಯಿತು.

ಯುರೋಪಿನ ಔಷಧಸಂಹಿತೆಯು, ಅಂದರೆ ಫಾರ್ಮಕೋಪಿಯವು, ಬೇರೆ ದಾರಿಯನ್ನು ಹಿಡಿದಿದೆ. ಅದು ಬಣ್ಣವನ್ನು ಹೆಸರಿಸುವುದಕ್ಕಿಂತ ಹೆಚ್ಚಾಗಿ ಬಣ್ಣವನ್ನೇ ತಯಾರಿಸುವ ವಿಧಿಯನ್ನು ಹೇಳುತ್ತದೆ. ಹಳದಿಗೆ ಫೆರಿಕ್ ಕ್ಲೋರೈಡ್, ಕೆಂಪಿಗೆ ಕೋಬಾಲ್ಟ್ ಕ್ಲೋರೈಡ್, ನೀಲಿಗೆ ಮೈಲುತುತ್ತ. ಇವುಗಳ ದ್ರಾವಣಗಳನ್ನು ಗೊತ್ತಾದ ಪ್ರಮಾಣದಲ್ಲಿ ಬೆರೆಸಿದರೆ ಕಂದು, ಕಂದುಹಳದಿ, ಹಳದಿ, ಹಸುರುಹಳದಿ, ಕೆಂಪು ಎಂಬ ಐದು ಮಾದರಿಗಳಾಗುವುವು. ಅವನ್ನು ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲದಿಂದ ತೆಳುಮಾಡುತ್ತ ಹೋದರೆ ಒಟ್ಟು ೩೭ ಹೋಲಿಕೆಯ ದ್ರಾವಣಗಳು ದೊರೆಯುವುವು. ಕಂದಿನ ಒಂಬತ್ತನೆಯ ಮೆಟ್ಟಿಲೆಂದರೆ ನೂರರಲ್ಲಿ ಒಂದು ಪಾಲು ಮಾತ್ರ ಮಾದರಿದ್ರಾವಣ. ನೀರಿನಂತೆ ಇರುವುದು, ಇಲ್ಲವೆ ಆ ಮೆಟ್ಟಿಲನ್ನು ಮೀರದಿರುವುದು, ‘ವರ್ಣರಹಿತ’ವೆನಿಸಿಕೊಳ್ಳುತ್ತದೆ. ಭಾಷಾಜ್ಞರು ಈ ಲಕ್ಷಣವನ್ನು ಗಮನಿಸಬೇಕು. ಅಭಾವವಾಚಕವಾದ ಪದಕ್ಕೆ ಇಲ್ಲಿ ಇಂತಿಷ್ಟು ಕಂದು ಎಂಬ ಭಾವರೂಪವಾದ ಅರ್ಥ ಬಂದಿದೆ! ಇದನ್ನು ವಿರೋಧಾಭಾಸವೆಂದು ನಗುವುದಕ್ಕಿಲ್ಲ. ವ್ಯವಹಾರದಲ್ಲಿ ನಿಲ್ಲುವ ಅರ್ಥ ಇದೊಂದೇ.

ಈ ವಿಧಿಯ ನಿಜವಾದ ಸತ್ತ್ವವು ದ್ರಾವಣಗಳಲ್ಲಿ ಇರುವುದಕ್ಕಿಂತ ನೋಡುವ ಕ್ರಮದಲ್ಲಿ ಇದೆಯೆಂದು ನಮ್ಮ ಅಭಿಪ್ರಾಯ. ಹೊರವ್ಯಾಸ ೧೨ ಮಿಲಿಮೀಟರಿನ ಪ್ರನಾಳವಾದರೆ ಬಿಳಿಯ ಹಿನ್ನೆಲೆಗೆ ಹಿಡಿದು, ಹರಡಿದ ಹಗಲಬೆಳಕಿನಲ್ಲಿ ಅಡ್ಡಲಾಗಿ ನೋಡಬೇಕು. ೪೦ ಮಿಲಿಮೀಟರ್ ಆಳದ ದ್ರಾವಣವಾದರೆ ಮೇಲಿನಿಂದ ನೋಡಬೇಕು. ಈ ನಿಯಮಗಳಿಲ್ಲದ ಬಣ್ಣದ ಹೇಳಿಕೆಯು ಪಾಠಾಂತರಗಳನ್ನು ಕೊಡದ ಗ್ರಂಥಸಂಪಾದನೆಯಂತೆ, ನಂಬಲೂ ಆಗದು, ಅಲ್ಲಗಳೆಯಲೂ ಆಗದು. ಆದರೂ ಕಣ್ಣು ಕಣ್ಣಿಗೆ ಭೇದವುಂಟು. ಕೆಲವು ಬಣ್ಣಗಳು ತನಗೆ ಇತರರಂತೆ ಕಾಣುವುದಿಲ್ಲವೆಂದು ೧೭೯೪ರಲ್ಲಿ ವರದಿಮಾಡಿದ ಜಾನ್ ಡಾಲ್ಟನ್ ಸ್ವತಃ ರಸಾಯನಶಾಸ್ತ್ರಜ್ಞನೇ ಆಗಿದ್ದನು. ಮೇಲಾಗಿ, ಐದು ಮಾದರಿಗಳಲ್ಲಿ ಯಾವುದನ್ನೂ ಹೋಲದ ದ್ರಾವಣ ಬಂದಾಗ ಪರೀಕ್ಷಕನು ಇದ್ದುದರಲ್ಲಿ ಹತ್ತಿರದ್ದನ್ನು ಆರಿಸಿ ಸುಮ್ಮನಾಗಬೇಕಾಗುವುದು.

ಯಂತ್ರವು ಈ ತೊಡಕನ್ನು ಪೂರ್ತಿಯಾಗಿ ಬಿಡಿಸಿತೆಂಬ ನಂಬಿಕೆ ಈಗ ಬಲವಾಗಿದೆ. ದ್ರಾವಣಗಳ ಮಟ್ಟಿಗೆ ಅದು ಬಹುಪಾಲು ಸರಿ. ಆದರೆ ಬೆಳಕಿನ ಅಳತೆಯನ್ನು ಬಣ್ಣದ ಅಂಕಿಗಳಾಗಿ ಮಾರ್ಪಡಿಸುವುದಕ್ಕೆ ಅಂತರರಾಷ್ಟ್ರೀಯ ಪ್ರಕಾಶ ಆಯೋಗವು ೧೯೩೧ರಲ್ಲಿ ಗೊತ್ತುಮಾಡಿದ ‘ಪ್ರಮಾಣಭೂತ ವೀಕ್ಷಕ’ನು ರೈಟ್ ಪರೀಕ್ಷಿಸಿದ ೧೦ ಮತ್ತು ಗಿಲ್ಡ್ ಪರೀಕ್ಷಿಸಿದ ೭, ಒಟ್ಟು ೧೭ ಮಂದಿಯ ದೃಷ್ಟಿಯಿಂದ ಕಲ್ಪಿತನಾದವನು. ೧೯೭೬ರಲ್ಲಿ ಅದೇ ಆಯೋಗವು ಕೊಟ್ಟ ವರ್ಣಾಂತರದ ಲೆಕ್ಕವೂ ಇಂತಹ ಕಲ್ಪಿತ ವೀಕ್ಷಕನನ್ನೇ ಆಶ್ರಯಿಸಿದೆ. ಯಂತ್ರದೊಳಗೂ ಕಣ್ಣೇ ಕುಳಿತಿದೆ. ಅದು ಆಯಾಸಗೊಳ್ಳದ ಕಣ್ಣು, ಅಷ್ಟೇ. ಪುಡಿಗಳ ವಿಷಯದಲ್ಲಿ ಅಂಕಿಗಳನ್ನು ಇನ್ನೂ ಎಚ್ಚರದಿಂದ ಓದಬೇಕು. ಮೈಲುತುತ್ತದ ಹರಳನ್ನು ಅರೆದು ನೋಡಿದವರಿಗೆ ತಿಳಿದಿರುವಂತೆ, ನುಣ್ಣಗಾದಷ್ಟೂ ನೀಲಿ ಪೇಲವವಾಗುವುದು. ಪದಾರ್ಥ ಬದಲಾಗಿಲ್ಲ, ಅಂಕಿ ಬದಲಾಗಿದೆ. ಆದುದರಿಂದ ಕಣದ ಗಾತ್ರ, ಒತ್ತಿದ ಬಗೆ, ಯಂತ್ರವು ಬೆಳಕನ್ನು ಬೀರುವ ಕೋನ ಇವನ್ನು ಹೇಳದೆ ಕೊಟ್ಟ ಮೂರು ದಶಮಾಂಶಗಳ ಅಂಕಿಯು ‘ಹೆಚ್ಚುಕಡಮೆ ಬಿಳಿ’ ಎಂಬ ಹಳೆಯ ಮಾತಿಗಿಂತ ಪ್ರಾಮಾಣಿಕವೆನ್ನಲು ನಮಗೆ ಮನಸ್ಸು ಬಾರದು.

ಔಷಧಶಾಸ್ತ್ರವನ್ನು ಕನ್ನಡದಲ್ಲಿ ಬರೆಯುವವರು ಎರಡು ಉಪಪದಗಳ ವಿಚಾರದಲ್ಲಿ ಜಾಗರೂಕರಾಗಿರಬೇಕು. ‘ನಸುಗೆಂಪು’ ಎಂದರೆ ಪೇಲವವಾದ ಕೆಂಪೋ, ಬೇರೊಂದು ಬಣ್ಣದಲ್ಲಿ ಸ್ವಲ್ಪ ಬೆರೆತ ಕೆಂಪೋ ಎಂಬುದು ಪದದಿಂದ ನಿರ್ಣಯವಾಗದು. ಇವು ಎರಡು ಬೇರೆ ಗುಣಗಳು. ‘ತಿಳಿ’ಯು ಇನ್ನೂ ಅಪಾಯಕರ. ತಿಳಿನೀರಿನಲ್ಲಿ ಅದು ಕದಡಿಲ್ಲದಿರುವಿಕೆಯನ್ನೂ, ತಿಳಿನೀಲಿಯಲ್ಲಿ ಬಣ್ಣದ ಕೊಂಚತನವನ್ನೂ ಹೇಳುತ್ತದೆ. ಸಂಹಿತೆಯಲ್ಲಿಯಾದರೋ ದ್ರಾವಣದ ನಿರ್ಮಲತೆಗೂ ಅದರ ವರ್ಣಕ್ಕೂ ಪ್ರತ್ಯೇಕ ಪರೀಕ್ಷೆಗಳಿವೆ. ಒಂದರಲ್ಲಿ ಗೆದ್ದದ್ದು ಮತ್ತೊಂದರಲ್ಲಿ ಸೋಲಬಹುದು. ‘ತಿಳಿಹಳದಿ ದ್ರಾವಣ’ವೆಂದು ಬರೆದರೆ ಅದು ಯಾವ ಪರೀಕ್ಷೆಯ ಫಲವೆಂದು ಓದುಗನು ಹೇಗೆ ಅರಿಯಬೇಕು? ಬಣ್ಣಕ್ಕೆ ‘ಎಳೆ’ ಎಂಬುದನ್ನೂ ಕದಡಿಲ್ಲದುದಕ್ಕೆ ‘ನಿರ್ಮಲ’ವೆಂಬುದನ್ನೂ ಇಟ್ಟುಕೊಂಡು, ‘ತಿಳಿ’ಯನ್ನು ಇಂತಹ ಬರಹಗಳಿಂದ ಕೈಬಿಡುವುದು ಯುಕ್ತವೆಂದು ತೋರುತ್ತದೆ.